ತಿಂಗಳಿಗೊಂದು ಹೊಸ ಮಾಡೆಲ್: ನಿಮ್ಮ ಹಳೆಯ ಫೋನನ್ನು ಕಂಪನಿಯೇ ಕೆಡಿಸುತ್ತಿದೆಯೇ?

ಯಾದಗಿರಿ ಸಮೀಪದ ಅಬ್ಬೆತುಮಕೂರಿನ ಓದುಗರೊಬ್ಬರು ಎರಡು ಫಾರ್ವರ್ಡ್ ಸಂದೇಶಗಳನ್ನು ನಮಗೆ ಕಳಿಸಿ, "ಇದು ಖರೇ ಏನ್ರಿ?" ಎಂದು ಕೇಳಿದ್ದಾರೆ. ಒಂದರಲ್ಲಿ ಹಳೆಯ ಫೋನ್‌ಗಳ ಉದ್ದನೆಯ ಪಟ್ಟಿ, ಅದರ ಮೇಲೆ "ಈ ಫೋನ್‌ಗಳಲ್ಲಿ ವಾಟ್ಸಾಪ್ ಬಂದ್" ಎಂಬ ಕೆಂಪು ಅಕ್ಷರ. ಕಂಪನಿಗಳು ಬೇಕಂತಲೇ ತಿಂಗಳಿಗೊಂದು ಮಾಡೆಲ್ ಬಿಡುತ್ತವೆ, ಹೊಸದು ಬಂದ ಕೂಡಲೇ ಹಳೆಯದನ್ನು ಕೂತಲ್ಲಿಂದಲೇ ಕೆಡಿಸುತ್ತವೆ ಎನ್ನುತ್ತದೆ ಇನ್ನೊಂದು.

ಅವರು ಕೇಳಲು ಕಾರಣವೂ ಇದೆ. ವಿಶ್ವಾರಾಧ್ಯರ ಜಾತ್ರೆಯ ಗದ್ದಲದಲ್ಲಿ ಅವರ ಫೋನ್ ಕೈಜಾರಿ ಬಿದ್ದು ಪರದೆ ಒಡೆದಿತ್ತು. ಯಾದಗಿರಿಯ ರಿಪೇರಿ ಅಂಗಡಿಗೆ ಒಯ್ದರೆ, ಆ ಮಾಡೆಲ್ ನಿಂತುಹೋಗಿದೆ, ಡಿಸ್‌ಪ್ಲೇ ಹೈದರಾಬಾದಿನಿಂದ ತರಿಸಬೇಕು ಎಂಬ ಉತ್ತರ. ಫೋನ್ ಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅದೇ ಕಂಪನಿಯ ಮೂರು ಹೊಸ ಫೋನ್‌ಗಳು ಆಚೆ ಅಂಗಡಿಯ ಗಾಜಿನ ಹಿಂದೆ ಮಿನುಗುತ್ತಿದ್ದವಂತೆ. ಸಿಟ್ಟು ಬರುವುದು ಸಹಜ.

ಮೊದಲು ವಾಟ್ಸಾಪ್ ಸಂದೇಶ ನೋಡೋಣ. ಅದು ಅರ್ಧ ಸತ್ಯ. ಆಂಡ್ರಾಯ್ಡ್ 5ಕ್ಕಿಂತ ಹಳೆಯ ಆವೃತ್ತಿಗಳಿಗೆ 2023ರ ಅಕ್ಟೋಬರ್ 24ರಿಂದ ಬೆಂಬಲ ಇರುವುದಿಲ್ಲ ಎಂದು ವಾಟ್ಸಾಪ್ ಹೇಳಿತ್ತು. ಅದೇ ಬಗೆಯ ಪಟ್ಟಿಗಳು 2025ರ ಹೊಸ ವರ್ಷದ ಹೊತ್ತಿಗೆ ಮತ್ತೆ ತಿರುಗಿದವು. ಆದರೆ ವಾಟ್ಸಾಪ್ ಆಂಡ್ರಾಯ್ಡ್ ಫೋನಿನಲ್ಲಿ ನೋಡುವುದು ಹೆಸರನ್ನಲ್ಲ, ಒಳಗಿರುವ ಆಂಡ್ರಾಯ್ಡ್ ಆವೃತ್ತಿಯನ್ನು. ಆ ಪಟ್ಟಿಗಳಲ್ಲಿದ್ದ ಮೊದಲ ಮೋಟೊ ಜಿ ಫೋನನ್ನೇ ತೆಗೆದುಕೊಳ್ಳಿ. ಅದಕ್ಕೆ 2015ರಲ್ಲೇ ಆಂಡ್ರಾಯ್ಡ್ 5 ಅಪ್‌ಡೇಟ್ ಬಂದಿತ್ತು. ಪಟ್ಟಿಯಲ್ಲಿದ್ದ ಇನ್ನೊಂದು ಫೋನ್ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್3. ಅದು ಆ ಕಾಲದ ದುಬಾರಿ ಫೋನ್, ಆದರೂ ಕಂಪನಿ ಅದಕ್ಕೆ ಆಂಡ್ರಾಯ್ಡ್ 5 ಕೊಡಲಿಲ್ಲ. ಹೀಗಾಗಿ ಅಗ್ಗದ ಫೋನ್ ದುಬಾರಿ ಫೋನಿಗಿಂತ ಹೆಚ್ಚು ದಿನ ಬಾಳುವುದೂ ಉಂಟು. ಯಾವ ಫೋನಿಗೆ ಎಷ್ಟು ದಿನ ಅಪ್‌ಡೇಟ್ ಎಂದು ಕಂಪನಿ ನಿರ್ಧರಿಸಿರುತ್ತದೆ ಎಂಬುದೇ ಇಲ್ಲಿ ಮುಖ್ಯ.

ಅಪ್‌ಡೇಟ್ ಎಂದರೆ ಐಕಾನ್‌ಗಳ ಬಣ್ಣ ಬದಲಾಗುವುದು ಎಂದುಕೊಂಡವರು ಬಹಳ ಜನ. ಕನ್ನಡಿಗರಿಗೆ ಇದರ ಬೆಲೆ ಬೇರೆ ರೀತಿಯಲ್ಲಿ ಗೊತ್ತಿರಬೇಕು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಗೂಗಲ್ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಸೇರಿಸಿತು. ಅದಕ್ಕೂ ಹಿಂದಿನ ಬಹಳಷ್ಟು ಫೋನ್‌ಗಳಲ್ಲಿ ಕನ್ನಡ ಸಂದೇಶ ಬಂದರೆ ಕಾಣುತ್ತಿದ್ದದ್ದು ಬರೀ ಚೌಕಗಳು. ಅಪ್‌ಡೇಟ್ ಸಿಗದ ಫೋನ್ ಇದ್ದವರು ಮಾತೃಭಾಷೆ ಓದಲು ಹೊಸ ಫೋನ್ ಕೊಳ್ಳಬೇಕಾಯಿತು.

ಹಾಗಾದರೆ ಎಲ್ಲ ಫೋನಿಗೂ ಅಪ್‌ಡೇಟ್ ಕೊಡಲು ಏನು ತೊಂದರೆ? ಐಫೋನಿನಲ್ಲಿ ಫೋನೂ ತಂತ್ರಾಂಶವೂ ಒಂದೇ ಕಂಪನಿಯದು. ಆಂಡ್ರಾಯ್ಡ್‌ನಲ್ಲಿ ಹಾಗಿಲ್ಲ. ಗೂಗಲ್ ಹೊಸ ಆವೃತ್ತಿ ಸಿದ್ಧಮಾಡುತ್ತದೆ. ಅದನ್ನು ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗಳು ತಮ್ಮ ಚಿಪ್‌ಗೆ ಹೊಂದಿಸಬೇಕು. ಆಮೇಲೆ ಫೋನ್ ಕಂಪನಿಯವರು ಪ್ರತಿ ಮಾಡೆಲ್‌ನ ಕ್ಯಾಮೆರಾ, ಪರದೆ, ಬೆರಳಚ್ಚು ಸೆನ್ಸರ್, ನೆಟ್‌ವರ್ಕ್ ಭಾಗಕ್ಕೆ ಹೊಂದಿಸಿ ಪರೀಕ್ಷಿಸಬೇಕು. ಈ ಕೊನೆಯ ಕೆಲಸ ಮಾಡೆಲ್ ಎಷ್ಟಿವೆಯೋ ಅಷ್ಟು ಸಲ ನಡೆಯಬೇಕು. ಆಂಡ್ರಾಯ್ಡ್ ಸಾಧನಗಳಲ್ಲಿ 24,093 ಬೇರೆ ಬೇರೆ ಬಗೆಗಳನ್ನು ಕಂಡಿದ್ದಾಗಿ 2015ರಲ್ಲಿ ಓಪನ್‌ಸಿಗ್ನಲ್ ಎಂಬ ಸಂಸ್ಥೆ ವರದಿ ಮಾಡಿತ್ತು. ಈ ಕಷ್ಟ ತಗ್ಗಿಸಲು ಗೂಗಲ್ 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ 'ಪ್ರಾಜೆಕ್ಟ್ ಟ್ರೆಬಲ್' ತಂದಿತು. ಕೆಲಸ ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಇಷ್ಟು ತೊಂದರೆ ಇದ್ದರೂ ಇಷ್ಟೊಂದು ಮಾಡೆಲ್ ಏಕೆ ಎಂದರೆ, ಸಾವಿರ ರೂಪಾಯಿಗೊಂದು ಮೆಟ್ಟಿಲು ಇಟ್ಟರೆ ಪ್ರತಿ ಮೆಟ್ಟಿಲಲ್ಲೂ ಗಿರಾಕಿ ಸಿಗುತ್ತಾರೆ. ಆನ್‌ಲೈನ್‌ಗೊಂದು, ಅಂಗಡಿಗೊಂದು, ದಸರಾ-ದೀಪಾವಳಿ ಮಾರಾಟಕ್ಕೊಂದು. ಒಂದೇ ಫೋನಿಗೆ ಎರಡು ಹೆಸರಿಡುವುದೂ ಇದೆ. ಚೀನಾದಲ್ಲಿ ರೆಡ್‌ಮಿ ಕೆ30 ಆಗಿದ್ದದ್ದು 2020ರಲ್ಲಿ ಭಾರತಕ್ಕೆ ಬಂದಾಗ ಪೋಕೋ ಎಕ್ಸ್2 ಆಗಿತ್ತು. ಇದರಿಂದ ಗಿರಾಕಿಗೆ ಲಾಭವೇ ಇಲ್ಲ ಎನ್ನಲಾಗದು. ಪೈಪೋಟಿಯಿಂದಲೇ 5ಜಿ ಹತ್ತು ಸಾವಿರದ ಆಸುಪಾಸಿಗೆ ಇಳಿಯಿತು.

ಕಡಿಮೆ ಮಾಡೆಲ್, ಒಳ್ಳೆಯ ಬೆಂಬಲ ಎಂಬ ಪ್ರಯೋಗ ನಮ್ಮ ದೇಶದಲ್ಲೇ ನಡೆದಿದೆ. 2014ರ ಸೆಪ್ಟೆಂಬರ್ 15ರಂದು ಗೂಗಲ್ 'ಆಂಡ್ರಾಯ್ಡ್ ಒನ್' ಯೋಜನೆಯನ್ನು ಜಗತ್ತಿನಲ್ಲೇ ಮೊದಲು ಆರಂಭಿಸಿದ್ದು ಭಾರತದಲ್ಲಿ. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಮೂರು ಫೋನ್, ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ, ಬೆಲೆ 6,399 ರೂಪಾಯಿಯ ಸುತ್ತ, ಅಪ್‌ಡೇಟ್ ಹೊಣೆ ಗೂಗಲ್‌ನದು. ಮಾತು ಕೊಟ್ಟಂತೆ ಅಪ್‌ಡೇಟ್ ಬಂತು, ಆಂಡ್ರಾಯ್ಡ್ 6ರವರೆಗೆ. ಆದರೆ ಫೋನ್‌ಗಳು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಮೊದಲು ಆನ್‌ಲೈನ್‌ನಲ್ಲಷ್ಟೇ ಮಾರಿದ್ದು ಅಂಗಡಿಯವರಿಗೆ ಹಿಡಿಸಲಿಲ್ಲ. ಮೂರೂ ಒಂದೇ ಥರ ಇದ್ದುದರಿಂದ ತಮ್ಮದು ಬೇರೆ ಎಂದು ತೋರಿಸಲು ಕಂಪನಿಗಳಿಗೆ ಏನೂ ಉಳಿಯಲಿಲ್ಲ. ಗಿರಾಕಿಗಳಾದ ನಾವೂ ಆಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದೇ ಕೇಳಿದೆವು, ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಲಿಲ್ಲ.

ಕಡಿಮೆ ಮಾಡೆಲ್ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. 2017ರಲ್ಲಿ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿ ಜೋಡಿಸಲು ಆರಂಭಿಸಿದ ಐಫೋನ್ ಎಸ್‌ಇ 2016ರ ಮಾಡೆಲ್. ಅದಕ್ಕೆ 2025ರ ಮಾರ್ಚ್ 31ರಂದೂ ಭದ್ರತಾ ಅಪ್‌ಡೇಟ್ ಬಂತು, ಅಂದರೆ ಒಂಬತ್ತು ವರ್ಷ. ಆದರೆ ಬಂದಾಗ ಅದರ ಬೆಲೆ 39,000 ರೂಪಾಯಿ ಎಂಬುದನ್ನೂ ಹೇಳಬೇಕು.

ಹಾಗೆಂದು ಮಾಡೆಲ್ ಕಡಿಮೆ ಇದ್ದರೆ ಸಾಕು ಎಂದೂ ಅಲ್ಲ. ಆಂಡ್ರಾಯ್ಡ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಆಂಡಿ ರೂಬಿನ್ ಅವರ ಎಸೆನ್ಷಿಯಲ್ ಕಂಪನಿ 2017ರಲ್ಲಿ ಒಂದೇ ಒಂದು ಫೋನ್ ತಂದಿತು, ಚೆನ್ನಾಗಿಯೇ ಅಪ್‌ಡೇಟ್ ಕೊಟ್ಟಿತು, 2020ರ ಫೆಬ್ರುವರಿಯಲ್ಲಿ ಕಂಪನಿಯೇ ಮುಚ್ಚಿತು. ಇನ್ನೊಂದು ಕಡೆ, ಹತ್ತಾರು ಮಾಡೆಲ್ ಬಿಡುವ ಸ್ಯಾಮ್‌ಸಂಗ್ 2024ರಲ್ಲಿ 18,999 ರೂಪಾಯಿಯ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷದ ಅಪ್‌ಡೇಟ್ ಘೋಷಿಸಿತು.

ಹಾಗಾಗಿ ನಮ್ಮ ಅಭಿಪ್ರಾಯ ಇದು: ದುಬಾರಿ ಫೋನ್‌ಗಳಲ್ಲಿ ಮಾಡೆಲ್ ಎಷ್ಟಿದ್ದರೂ ನಡೆದೀತು. ಹತ್ತು ಸಾವಿರಕ್ಕಿಂತ ಕೆಳಗೆ ಒಂದು ಫೋನಿನಿಂದ ಸಿಗುವ ಲಾಭವೇ ಸಣ್ಣದು, ಅದರಲ್ಲಿ ಹತ್ತು ಮಾಡೆಲ್‌ಗಳನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು ಆಗದ ಕೆಲಸ. ಅಲ್ಲಿ ಎರಡೋ ಮೂರೋ ಮಾಡೆಲ್ ಇಟ್ಟು, ಅದೇ ಡಿಸ್‌ಪ್ಲೇ, ಅದೇ ಬ್ಯಾಟರಿ ಎಲ್ಲಕ್ಕೂ ಹೊಂದುವಂತೆ ಮಾಡಿದರೆ ಯಾದಗಿರಿ, ಶಹಾಪುರ, ಸುರಪುರದ ಅಂಗಡಿಗಳಲ್ಲೂ ಬಿಡಿಭಾಗ ಇಟ್ಟುಕೊಳ್ಳಬಹುದು. ನೂರು ಬಗೆಯ ಡಿಸ್‌ಪ್ಲೇ ಇಟ್ಟುಕೊಳ್ಳಲು ಸಣ್ಣ ಅಂಗಡಿಯವರ ಬಳಿ ಬಂಡವಾಳ ಎಲ್ಲಿದೆ?

ಇದಕ್ಕಿಂತ ಮುಖ್ಯವಾದ, ಫಾರ್ವರ್ಡ್‌ಗಳಲ್ಲಿ ಎಲ್ಲೂ ಬರದ ವಿಷಯ ಒಂದಿದೆ. ಅಪ್‌ಡೇಟ್ ವರ್ಷಗಳ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಮೂರು ವರ್ಷ ಭದ್ರತಾ ಅಪ್‌ಡೇಟ್ ಇರುವ ಫೋನ್ 2022ರಲ್ಲಿ ಬಂತು ಎಂದುಕೊಳ್ಳಿ. 2024ರ ದೀಪಾವಳಿಗೆ ರಿಯಾಯಿತಿಯಲ್ಲಿ ಕೊಂಡರೆ ನಿಮಗೆ ಉಳಿಯುವುದು ಸುಮಾರು ಒಂದು ವರ್ಷ ಮಾತ್ರ. ಹೊಸ ಮಾಡೆಲ್ ಬಂದಂತೆಲ್ಲ ಹಳೆಯ ಸ್ಟಾಕ್ ಅಗ್ಗವಾಗುತ್ತದೆ, ಅಗ್ಗವಾದದ್ದನ್ನು ಕೊಳ್ಳುವವರು ಕೈ ಬಿಗಿ ಇರುವವರು. ಅವರಿಗೇ ಅತಿ ಕಡಿಮೆ ಆಯುಸ್ಸಿನ ಫೋನ್ ಸಿಗುತ್ತದೆ. ಡಬ್ಬಿಯ ಮೇಲೆ ಇದಾವುದೂ ಬರೆದಿರುವುದಿಲ್ಲ.

ಯುರೋಪಿಯನ್ ಒಕ್ಕೂಟ ಈ ಲೆಕ್ಕವನ್ನೇ ತಿರುಗಿಸಿದೆ. 2025ರ ಜೂನ್ 20ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ, ಆ ಮಾಡೆಲ್‌ನ ಮಾರಾಟ ನಿಲ್ಲಿಸಿದ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು, ಮುಖ್ಯ ಬಿಡಿಭಾಗಗಳು ಏಳು ವರ್ಷ ದೊರೆಯಬೇಕು. ಭಾರತದಲ್ಲಿ ಇಂಥ ಕಡ್ಡಾಯ ಇನ್ನೂ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿತು. ಫೋನನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಂಕ ಕೊಡುವ ಸೂಚ್ಯಂಕಕ್ಕಾಗಿ ಸಮಿತಿಯೂ ರಚನೆಯಾಗಿ 2025ರಲ್ಲಿ ವರದಿ ಸಲ್ಲಿಸಿದೆ.

ಇನ್ನು, ಬೇಕಂತಲೇ ಕೆಡಿಸುತ್ತಾರೆ ಎಂಬ ಆರೋಪ. ಇದು ಪೂರ್ತಿ ಸುಳ್ಳಲ್ಲ. ಬ್ಯಾಟರಿ ಸವೆದ ಹಳೆಯ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ತಾನಾಗಿ ಆಫ್ ಆಗುವುದನ್ನು ತಡೆಯಲು ಹಾಗೆ ಮಾಡಿದೆವು ಎಂಬುದು ಅದರ ವಾದ. ಹಳೆಯ ಫೋನ್‌ಗಳನ್ನು ನಿಧಾನಗೊಳಿಸುವ ಅಪ್‌ಡೇಟ್ ಕೊಟ್ಟಿದ್ದಕ್ಕೆ 2018ರಲ್ಲಿ ಇಟಲಿಯ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ಆದರೆ ಹೊಸ ಮಾಡೆಲ್ ಬಂದಾಗಲೆಲ್ಲ ಯಾರೋ ಗುಂಡಿ ಒತ್ತಿ ಹಳೆಯದನ್ನು ಕೆಡಿಸುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಸಾಮಾನ್ಯವಾಗಿ ನಡೆಯುವುದು ಕೆಡಿಸುವಿಕೆಯಲ್ಲ, ಕೈಬಿಡುವಿಕೆ.

ಅಪ್‌ಡೇಟ್ ನಿಂತ ಮರುದಿನವೇ ಫೋನ್‌ಪೇ ಖಾತೆ ಖಾಲಿಯಾಗುವುದಿಲ್ಲ, ಆ ಹೆದರಿಕೆಯ ಸಂದೇಶವನ್ನೂ ಮುಂದೆ ಕಳಿಸಬೇಡಿ. ವಾಟ್ಸಾಪ್‌ನಲ್ಲಿ ಬರುವ 'ಮದುವೆ ಆಮಂತ್ರಣ' ಹೆಸರಿನ ಎಪಿಕೆ ಫೈಲ್ ಒತ್ತಿದರೆ ಹೊಸ ಫೋನಿಗೂ ಅಪಾಯವೇ. ಹಳೆಯ ಫೋನಿನಲ್ಲಿ ಮುಚ್ಚದೆ ಉಳಿದ ತೂತುಗಳು ಅಂಥ ಫೈಲ್‌ಗಳ ಕೆಲಸ ಸುಲಭ ಮಾಡುತ್ತವೆ.

ನಿಮ್ಮ ಫೋನ್ ಎಲ್ಲಿ ನಿಂತಿದೆ ಎಂದು ನೋಡಲು ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಕುರಿತು' ತೆರೆದು, ಆಂಡ್ರಾಯ್ಡ್ ಆವೃತ್ತಿ ಒತ್ತಿ. ಅಲ್ಲಿ ಭದ್ರತಾ ಅಪ್‌ಡೇಟ್‌ನ ದಿನಾಂಕ ಇರುತ್ತದೆ. (ಕೆಲವು ಫೋನ್‌ಗಳಲ್ಲಿ 'ಸಾಫ್ಟ್‌ವೇರ್ ಮಾಹಿತಿ'ಯ ಒಳಗೆ.) ವರ್ಷಕ್ಕಿಂತ ಹಳೆಯದಾಗಿದ್ದರೆ ಬ್ಯಾಂಕ್, ಯುಪಿಐ ಕೆಲಸವನ್ನು ಮನೆಯ ಬೇರೆ ಫೋನಿಗೆ ಬದಲಿಸುವುದು ಒಳ್ಳೆಯದು. ಹೊಸದು ಕೊಳ್ಳುವಾಗ ಆ ಮಾಡೆಲ್ ಬಿಡುಗಡೆಯಾದ ತಿಂಗಳು ಮತ್ತು ಅಪ್‌ಡೇಟ್ ವರ್ಷಗಳನ್ನು ಅಂಗಡಿಯವರ ಬಾಯಿಮಾತಿನಲ್ಲಲ್ಲ, ಕಂಪನಿಯ ಜಾಲತಾಣದಲ್ಲೇ ನೋಡಿ. ವಾರಂಟಿಯಲ್ಲಿದ್ದರೂ ಬಿಡಿಭಾಗ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಬ್ಬೆತುಮಕೂರಿನ ನಮ್ಮ ಓದುಗರು ಪರಿಶೀಲಿಸಿದಾಗ ಅವರ ಫೋನಿನ ದಿನಾಂಕ ಒಂದೂವರೆ ವರ್ಷ ಹಿಂದೆ ನಿಂತಿತ್ತು. ಕೊಂಡು ಕೆಲವೇ ತಿಂಗಳಿಗೆ ಅಪ್‌ಡೇಟ್ ಮುಗಿದಿತ್ತು. ಡಿಸ್‌ಪ್ಲೇ ಹೈದರಾಬಾದಿನಿಂದ ಬಂದಿದೆಯಂತೆ, ಖರ್ಚು ಫೋನಿನ ಬೆಲೆಯ ಮೂರರಲ್ಲೊಂದು ಪಾಲು. ಹಾಕಿಸಿಕೊಂಡಿದ್ದಾರೆ. ಅದೀಗ ಹಾಡು ಕೇಳಲು, ಮಕ್ಕಳು ಪಾಠ ನೋಡಲು ಇದೆ. ಯುಪಿಐ ಮನೆಯವರ ಫೋನಿಗೆ ಹೋಗಿದೆ.