ಸೇನೆಯ ಹಳೆಯ ಲಾರಿಗೆ ತಕ್ಕ ಟ್ರೇಲರ್ ಯಾವುದು?

ಎಳೆಯುವ ಬಲವೊಂದೇ ಸಾಲದು. ನಿಲ್ಲಿಸುವ ಬಲವೂ ಬೇಕು

ಸೈನ್ಯಕ್ಕೆ ಬೇಡವಾದ ವಾಹನವು ನಾಗರಿಕನ ಕೈಸೇರಿ ಅವನ ಅನ್ನಕ್ಕೆ ದಾರಿಯಾಗುವುದು ಹೊಸ ಸಂಗತಿಯೇನೂ ಅಲ್ಲ. 1945ರಲ್ಲಿ ಎರಡನೆಯ ಮಹಾಯುದ್ಧವು ಮುಗಿದ ತರುವಾಯ ನಮ್ಮ ದೇಶದಲ್ಲಿಯೂ ಮಿಲಿಟರಿ ಲಾರಿಗಳು 'ಡಿಸ್ಪೋಸಲ್' ಮಾಲೆಂಬ ಹೆಸರಿನಿಂದ ಮಾರಾಟವಾದವು. ಅಮೆರಿಕೆಯಲ್ಲಂತೂ ಈ ಪದ್ಧತಿಯು ಇಂದಿಗೂ ನಡೆದುಬಂದಿದೆ. ಸೇನೆಯು ಕೈಬಿಟ್ಟ ಲಾರಿಗಳನ್ನು ಹರಾಜಿನಲ್ಲಿ ಕೊಂಡ ರೈತರೂ ಸಣ್ಣ ಗುತ್ತಿಗೆದಾರರೂ ಅವುಗಳ ಬೆನ್ನಿಗೆ ಟ್ರೇಲರ್ ಕಟ್ಟಿ ಟ್ರ್ಯಾಕ್ಟರುಗಳನ್ನೂ ಮಣ್ಣು ಅಗೆಯುವ ಯಂತ್ರಗಳನ್ನೂ ಊರಿಂದೂರಿಗೆ ಸಾಗಿಸುತ್ತಾರೆ.

ದೂರದೇಶದ ಈ ಮಾತು ನಮಗೇಕೆಂದು ವಾಚಕರು ಕೇಳಬಹುದು. ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ದುಡಿದು ನಾಲ್ಕು ಕಾಸು ಕೂಡಿಟ್ಟವನಿಗೆ, ಊರಿಗೆ ಮರಳಿ ಒಂದು ಲಾರಿಯನ್ನೋ ಯಂತ್ರವನ್ನೋ ಇಟ್ಟು ಸ್ವಂತ ದುಡಿಮೆ ಹೂಡಬೇಕೆಂಬ ಆಸೆ ಸಹಜವಾದುದು. ಹರಾಜಿನ ಮಾಲನ್ನು ಕಾಣುವಾಗ ಆ ಆಸೆಗೆ ರೆಕ್ಕೆ ಮೂಡುವುದು. ಅಗ್ಗದಲ್ಲಿ ಕೊಂಡದ್ದು ಎಲ್ಲಿ ಲಾಭ, ಎಲ್ಲಿ ಅಪಾಯ ಎಂಬುದನ್ನು ಅರಿಯಲು ಅಮೆರಿಕೆಯ ಈ ಉದಾಹರಣೆಯು ಒಳ್ಳೆಯ ಪಾಠವಾಗಿದೆ.

ಲಾರಿಯ ಯೋಗ್ಯತೆ

ಅಲ್ಲಿ ಬಹು ಪ್ರಸಿದ್ಧವಾದುದು 'ಎಂ 35' ಎಂಬ ಲಾರಿ. 1950ರ ಸುಮಾರಿಗೆ ರಿಯೋ ಕಂಪನಿಯು ಇದನ್ನು ರೂಪಿಸಿತು. ಹತ್ತು ಗಾಲಿಗಳು, ಮೂರು ಅಚ್ಚುಗಳಿಗೂ ಎಂಜಿನಿನ ಬಲ ಮುಟ್ಟುವುದು. ಜನರು ಇದನ್ನು 'ಎರಡೂವರೆ ಟನ್ನಿನ ಲಾರಿ'ಯೆಂದು ಕರೆಯುವರು. ಏಕೆಂದರೆ ರಸ್ತೆಯಿಲ್ಲದ ನೆಲದಲ್ಲಿ ಇದು ಹೊರಬೇಕಾದ ಭಾರವು 5,000 ಪೌಂಡು, ಎಂದರೆ ಸುಮಾರು 2,270 ಕಿಲೋಗ್ರಾಂ. ಒಳ್ಳೆಯ ರಸ್ತೆಯಲ್ಲಿ ಇದರ ಇಮ್ಮಡಿಯನ್ನು ಹೊರಬಲ್ಲುದು. ಹಿಂದೆ ಕಟ್ಟಿ ಎಳೆಯಲು ಗೊತ್ತುಪಡಿಸಿದ ಭಾರವು ಕಚ್ಚಾ ನೆಲದಲ್ಲಿ 6,000 ಪೌಂಡು, ರಸ್ತೆಯಲ್ಲಿ 10,000 ಪೌಂಡು. ಎಂದರೆ ಸುಮಾರು 4,530 ಕಿಲೋಗ್ರಾಂ.

ನೋಡಲು ಆನೆಯಂತಹ ಗಾಡಿ. ಆದರೆ ಎಂಜಿನಿನ ಬಲವು 140 ಅಶ್ವಶಕ್ತಿಯ ಒಳಗೇ. ಗಂಟೆಗೆ 90 ಕಿಲೋಮೀಟರು ಓಡಿದರೆ ಅದೇ ಅದರ ಪರಮಾವಧಿ. ಗೇರುಗಳು ತಗ್ಗಿನವಾದುದರಿಂದ ಹೇಳಿದ್ದಕ್ಕಿಂತ ಹೆಚ್ಚಿನ ಭಾರವನ್ನೂ ಅದು ಮೆಲ್ಲಗೆ ಎಳೆದೀತು. ಕೊಂಡವರು ಮೋಸಹೋಗುವುದು ಇಲ್ಲಿಯೇ. 'ಎಳೆಯಿತಲ್ಲ!' ಎಂದು ಹಿಗ್ಗುವರು. ಇಳಿಜಾರಿನಲ್ಲಿ ನಿಲ್ಲುವುದೇ ಎಂದು ಕೇಳಿಕೊಳ್ಳುವುದಿಲ್ಲ.

ಮೊದಲು ತೂಕದ ಲೆಕ್ಕ

ಟ್ರೇಲರನ್ನು ಅರಸುವ ಮೊದಲು ಕಾಗದ ಪೆನ್ಸಿಲು ಹಿಡಿದು ಕೂಡಬೇಕು. ಮುಂಭಾಗದಲ್ಲಿ ಮಣ್ಣೆತ್ತುವ ತೊಟ್ಟಿಯಿರುವ ಒಂದು ಸಾಧಾರಣ ಟ್ರ್ಯಾಕ್ಟರು 2,900 ಕಿಲೋಗ್ರಾಂ ಇದೆಯೆನ್ನೋಣ. ಅದನ್ನು ಹೊರುವ ಟ್ರೇಲರಿನ ಸ್ವಂತ ತೂಕ 1,400. ಸರಪಳಿ, ಉಪಕರಣ, ಡೀಸೆಲು ಸೇರಿ 100. ಒಟ್ಟು 4,400 ಕಿಲೋಗ್ರಾಂ. ಎಂ 35ರ ಮಿತಿಯೊಳಗೆ ಇದು ಕಷ್ಟದಿಂದ ಹಿಡಿಯಿತು.

ಈಗ ಹಿಂದೆ ಅಗೆಯುವ ಕೈ, ಮುಂದೆ ತೊಟ್ಟಿ ಇರುವ ಬ್ಯಾಕ್‌ಹೋ ಯಂತ್ರವನ್ನು ತೆಗೆದುಕೊಳ್ಳಿರಿ. ಅದರ ತೂಕವು ಆರು ಸಾವಿರ ಕಿಲೋಗ್ರಾಂ ದಾಟುವುದು ಸಾಮಾನ್ಯ. ಅದಕ್ಕೆ ತಕ್ಕ ಟ್ರೇಲರೇ ಎರಡು ಸಾವಿರಕ್ಕೆ ಮೀರಿದ್ದು. ಒಟ್ಟು ಎಂಟು ಸಾವಿರಕ್ಕೂ ಹೆಚ್ಚು. ಮಿತಿಗೆ ಹತ್ತಿರ ಹತ್ತಿರ ಇಮ್ಮಡಿ. ಇಂತಹ ಕೆಲಸಕ್ಕೆ ಎಂ 35 ತಕ್ಕುದಲ್ಲ; ಎಷ್ಟು ಒಳ್ಳೆಯ ಟ್ರೇಲರ್ ತಂದರೂ ಈ ಲೆಕ್ಕವು ಬದಲಾಗುವುದಿಲ್ಲ. ಆಗ ಸಂಪೂರ್ಣ ಗಾಳಿಬ್ರೇಕು ಉಳ್ಳ ಐದು ಟನ್ನಿನ 'ಎಂ 939' ವರ್ಗದ ಲಾರಿಗಳ ಕಡೆಗೆ ನೋಡಬೇಕು. ಅಲ್ಲಿಯೂ ಚಾಲಕನ ಕೋಣೆಯ ಫಲಕದಲ್ಲಿ ಕೆತ್ತಿದ ಅಂಕೆಯೇ ಪ್ರಮಾಣವಾಗಬೇಕು. ಇಲ್ಲವೆ ಯಂತ್ರ ಸಾಗಿಸುವ ದಿನ ಬಾಡಿಗೆಗೆ ದೊಡ್ಡ ವಾಹನ ಗೊತ್ತುಮಾಡುವುದೇ ಜಾಣತನ.

ಟ್ರೇಲರುಗಳ ಬಗೆಗಳು

ಸೇನೆಯ ಲಾರಿಯ ಜೊತೆಗೆ ಸೇನೆಯದೇ ಟ್ರೇಲರ್ ಸಿಕ್ಕರೆ ಚೆನ್ನೆಂದು ಮೊದಲು ತೋರುವುದು. ಎಂ 35ರ ಜೋಡಿಯಾದ 'ಎಂ 105' ಎಂಬ ಒಂದೂವರೆ ಟನ್ನಿನ ಎರಡು ಗಾಲಿಯ ಟ್ರೇಲರ್ ಅಗ್ಗದಲ್ಲಿ ದೊರೆಯುವುದು. ಕೊಂಡಿ, ಗಾಳಿಯ ಕೊಳವೆ, ದೀಪದ ತಂತಿ ಎಲ್ಲವೂ ತಾವಾಗಿ ಹೊಂದುವವು. ಆದರೆ ಅದು ಎತ್ತರದ ಪೆಟ್ಟಿಗೆ. ಸೌದೆಗೂ ಮೂಟೆಗೂ ಸರಿ. ಟ್ರ್ಯಾಕ್ಟರನ್ನು ಅದರೊಳಕ್ಕೆ ಹತ್ತಿಸಲು ಬಾರದು.

ಇನ್ನೊಂದು ಬಗೆಯು 'ಎಂ 172' ಮೊದಲಾದ ತಗ್ಗು ಹಾಸಿನ ಅರೆಟ್ರೇಲರ್. ಇದರ ಮುಂಭಾಗವು ಲಾರಿಯ ಬೆನ್ನಿನ ಮೇಲಿನ 'ಐದನೆಯ ಗಾಲಿ' ಎಂಬ ಪೀಠದ ಮೇಲೆ ಕೂಡಬೇಕು. ಸರಕು ಸಾಗಿಸುವ ಸಾಮಾನ್ಯ ಲಾರಿಗೆ ಆ ಪೀಠವಿಲ್ಲ. 'ಎಂ 931'ರಂತಹ ಎಳೆಯುವ ಲಾರಿಗೆ ಮಾತ್ರ ಉಂಟು.

ಆದಕಾರಣ ಎಂ 35 ಕೊಂಡವನಿಗೆ ಉಳಿಯುವ ದಾರಿ, ಕೊಕ್ಕೆಗೆ ಸಿಕ್ಕಿಸುವ ಎರಡು ಅಚ್ಚಿನ, ತಗ್ಗು ಹಾಸಿನ ನಾಗರಿಕ ಟ್ರೇಲರ್. ಹಿಂದೆ ಮಡಿಸುವ ಏಣಿಹಲಗೆಗಳಿರುವುದು ಒಂದು. ಹಾಸೇ ಹಿಂದಕ್ಕೆ ಬಾಗುವುದು ಇನ್ನೊಂದು. ಬಾಗುವ ಹಾಸಿನ ಬೆಲೆ ಹೆಚ್ಚು. ಆದರೆ ಒಬ್ಬನೇ ಯಂತ್ರ ಹತ್ತಿಸುವವನಿಗೆ ಅದರಿಂದ ಶ್ರಮವೂ ಕಡಿಮೆ, ಅಪಾಯವೂ ಕಡಿಮೆ.

ಬ್ರೇಕಿನ ಮಾತು

ಎಲ್ಲಕ್ಕಿಂತ ಮುಖ್ಯವಾದುದು ಇದು. ಎಂ 35ರ ಎ2 ಮಾದರಿಯಲ್ಲಿ ಬ್ರೇಕನ್ನು ಒತ್ತುವುದು ಎಣ್ಣೆ. ಅದಕ್ಕೆ ಬಲ ಕೂಡಿಸುವುದು ಗಾಳಿ. ಆದರೆ ಎಣ್ಣೆಯ ದಾರಿ ಒಂದೇ. ಒಂದು ಕಡೆ ಕೊಳವೆ ಒಡೆದರೆ ಹತ್ತು ಗಾಲಿಗಳ ಬ್ರೇಕೂ ಒಮ್ಮೆಗೇ ಹೋಗುವುದು. ಅಂತಹ ಲಾರಿಯ ಬೆನ್ನಿಗೆ ಬ್ರೇಕಿಲ್ಲದ ನಾಲ್ಕು ಟನ್ನಿನ ಭಾರವನ್ನು ಕಟ್ಟಿ ಘಾಟಿ ಇಳಿಯುವವನು ತನ್ನ ಪ್ರಾಣವನ್ನಷ್ಟೇ ಅಲ್ಲ, ಎದುರಿಗೆ ಬರುವವರ ಪ್ರಾಣವನ್ನೂ ಪಣವೊಡ್ಡಿದಂತೆ.

ಟ್ರೇಲರಿನ ಎಲ್ಲ ಗಾಲಿಗಳಿಗೂ ಬ್ರೇಕು ಇರಲೇಬೇಕು. ಕೊಂಡಿ ಕಳಚಿದರೆ ಟ್ರೇಲರ್ ತಾನಾಗಿ ನಿಲ್ಲುವ ಏರ್ಪಾಡೂ ಬೇಕು. ಗಾಳಿಬ್ರೇಕಿನ ಟ್ರೇಲರನ್ನು ಆರಿಸಿದರೆ ಲಾರಿಯ ಹಿಂದಿರುವ ಎರಡು ಗಾಳಿಕೊಂಡಿಗಳಿಗೆ ಜೋಡಿಸಬಹುದು. ಒಂದು ಬ್ರೇಕು ಒತ್ತಲು, ಇನ್ನೊಂದು ಆಪತ್ತಿಗೆ. ಆದರೆ ಟ್ರೇಲರ್ ಕಳಚಿದಾಗ ಲಾರಿಯ ಗಾಳಿಯೆಲ್ಲ ಸೋರಿಹೋಗದಂತೆ ತಡೆಯುವ ಕವಾಟ ಇದೆಯೇ ಎಂಬುದನ್ನು ಬಲ್ಲ ಮೆಕ್ಯಾನಿಕನಿಂದ ನೋಡಿಸಬೇಕು, ಇಲ್ಲದಿದ್ದರೆ ಹಾಕಿಸಬೇಕು.

ವಿದ್ಯುತ್ ಬ್ರೇಕಿನ ಟ್ರೇಲರಿಗೆ ಬೇರೆ ತೊಡಕು. ಸೇನೆಯ ಲಾರಿಯ ವಿದ್ಯುತ್ತು 24 ವೋಲ್ಟು. ನಾಗರಿಕ ಟ್ರೇಲರಿನದು 12. ನೇರವಾಗಿ ಜೋಡಿಸಿದರೆ ದೀಪಗಳು ಸುಟ್ಟುಹೋಗುವವು. ವೋಲ್ಟು ಇಳಿಸುವ ಉಪಕರಣವನ್ನೂ ಬ್ರೇಕು ನಿಯಂತ್ರಿಸುವ ಪೆಟ್ಟಿಗೆಯನ್ನೂ ಕೂಡಿಸಬೇಕಾಗುವುದು.

ಮೂಕಿಯ ಭಾರ

ಎತ್ತಿನ ಗಾಡಿ ಹೇರಿ ಬಲ್ಲವರಿಗೆ ಮುಂದಿನ ಮಾತನ್ನು ವಿವರಿಸಬೇಕಾಗಿಲ್ಲ. ಹೇರು ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುವುದು. ಮುಂಭಾರವಾದರೆ ಹೆಗಲು ಕುಸಿಯುವುದು. ಟ್ರೇಲರಿನ ಧರ್ಮವೂ ಇದೇ. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಮೂಕಿಯ ಮೇಲೆ ಇರಬೇಕು. ನಮ್ಮ ಲೆಕ್ಕದ 4,400 ಕಿಲೋಗ್ರಾಮಿಗೆ 440ರಿಂದ 660. ಇದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಹೊಯ್ದಾಡಿ ಲಾರಿಯನ್ನೇ ತಿರುವಿಹಾಕೀತು. ಯಂತ್ರವನ್ನು ಒಂದು ಗೇಣು ಮುಂದಕ್ಕೋ ಹಿಂದಕ್ಕೋ ಸರಿಸಿ ನಿಲ್ಲಿಸಲು ಹಾಸಿನಲ್ಲಿ ಸ್ಥಳವಿರುವ ಟ್ರೇಲರನ್ನೇ ಆರಿಸಬೇಕೆನ್ನುವುದು ಇದಕ್ಕಾಗಿ.

ಸೇನೆಯ ಲಾರಿಯ ಕೊಕ್ಕೆ ಎತ್ತರದಲ್ಲಿರುವುದು. ಮೂಕಿಯ ಬಳೆಯನ್ನು ಏರಿಸಿ ಇಳಿಸಲು ಬರುವಂತಿದ್ದರೆ ಒಳಿತು. ಹಾಸು ಮಟ್ಟವಾಗಿ ನಿಂತರೆ ಮಾತ್ರ ಎರಡು ಅಚ್ಚುಗಳೂ ಭಾರವನ್ನು ಸಮನಾಗಿ ಹೊರುವವು.

ಕಾನೂನಿನ ಕಟ್ಟಳೆ

ಅಮೆರಿಕೆಯ ಕಾನೂನಿನಂತೆ ಟ್ರೇಲರಿನ ಗೊತ್ತುಪಡಿಸಿದ ತೂಕವು 10,000 ಪೌಂಡಿಗೆ ಮೀರಿ, ಲಾರಿ ಟ್ರೇಲರುಗಳದು ಕೂಡಿ 26,001 ಪೌಂಡು ಮುಟ್ಟಿದರೆ ವಿಶೇಷ ದರ್ಜೆಯ ಚಾಲನಾಪತ್ರ ಬೇಕು. ರೈತರಿಗೆ ಕೆಲವು ರಿಯಾಯಿತಿಗಳುಂಟು. ವ್ಯಾಪಾರಕ್ಕಾಗಿ ಸಾಗಿಸುವ 10,000 ಪೌಂಡಿನ ಅಥವಾ ಹೆಚ್ಚಿನ ಯಂತ್ರವನ್ನು ಕನಿಷ್ಠ ನಾಲ್ಕು ಕಡೆ ಬಿಗಿಯಬೇಕು. ತೊಟ್ಟಿ ಮೊದಲಾದ ಅಂಗಗಳನ್ನು ಕೆಳಗಿಳಿಸಿ ಕಟ್ಟಬೇಕು. ಬಿಗಿಯುವ ಸರಪಳಿಗಳ ಒಟ್ಟು ಸಾಮರ್ಥ್ಯವು ಹೇರಿನ ತೂಕದ ಅರ್ಧಕ್ಕೆ ಕಡಿಮೆಯಿರಕೂಡದು. ದೇಶ ಬೇರೆಯಾದರೆ ಅಂಕೆಗಳು ಬೇರೆ. ಆದರೆ ಸರಪಳಿ ಹರಿದರೆ ಯಂತ್ರವು ಯಾವ ದೇಶದಲ್ಲಿಯೂ ಉರುಳುವುದೇ.

ಅಗ್ಗದ ಲಾರಿಯಲ್ಲಿ ಉಳಿದ ಹಣವನ್ನು ಲಾಭವೆಂದು ಕಿಸೆಗೆ ಸೇರಿಸಬಾರದು. ಅದು ಟ್ರೇಲರಿನ ಬ್ರೇಕಿಗೆ, ಕೊಂಡಿಗೆ, ಸರಪಳಿಗೆ, ಒಳ್ಳೆಯ ಟಯರಿಗೆ ಸಲ್ಲಬೇಕಾದ ಹಣ. ಹೊರುವ ಯಂತ್ರದ ತೂಕ ಮೊದಲು, ಲಾರಿಯ ಫಲಕದ ಅಂಕೆ ಎರಡನೆಯದು, ಬ್ರೇಕು ಮೂರನೆಯದು, ಬೆಲೆ ಕಟ್ಟಕಡೆಯದು. ಈ ಕ್ರಮವನ್ನು ತಲೆಕೆಳಗು ಮಾಡಿದವನಿಗೆ ಹರಾಜಿನ ಲಾರಿಯು ಅಗ್ಗವೆಂದು ಕೊಂಡ ಮುಗ್ಗಿದ ಜೋಳವಾಗುವುದು. ಕ್ರಮ ತಪ್ಪದವನಿಗೆ ಅದು ಹತ್ತಾರು ವರ್ಷ ಅನ್ನವಿಕ್ಕುವ ಎತ್ತಾಗಬಲ್ಲುದು.