ಹಳೇ ಲ್ಯಾಪ್‌ಟಾಪ್ ಗುಜರಿಗೆ ಬೇಡ

ತೋಟದ ಲೆಕ್ಕಕ್ಕೆ, ಪಹಣಿ ನೋಡೋದಕ್ಕೆ ಹೊಸ ಲ್ಯಾಪ್‌ಟಾಪೇ ಬೇಕೆಂದಿಲ್ಲ. ವಿಂಡೋಸ್ 10ರ ಮಾಮೂಲಿ ಸುರಕ್ಷಾ ತಿದ್ದುಪಡಿ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11ಕ್ಕೆ 4 ಜಿಬಿ ರ‍್ಯಾಮ್ ಜತೆ ಟಿಪಿಎಂ 2.0 ಕೂಡಾ ಬೇಕು. ಹತ್ತು-ಹನ್ನೆರಡು ವರ್ಷ ಹಳೇ ಹಗುರ ಯಂತ್ರಗಳಲ್ಲಿ ಅದು ಅಪರೂಪ. ಅಂಗಡಿಯವರು ‘ಹೊಸದು ತಗೊಳ್ಳಿ’ ಅಂತಾರೆ. ತಡೀರಿ, ಪುಕ್ಕಟೆ ಸಿಗುವ ಲಿನಕ್ಸ್ ಇದೆ.

ಪ್ರೊಸೆಸರ್ 64 ಬಿಟ್ಟಿನದ್ದಾಗಿ 4 ಜಿಬಿ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಒಳ್ಳೇದು. ವಿಂಡೋಸ್ ಬಳಸಿದವರಿಗೆ ಕಷ್ಟವಾಗದು. 2 ಜಿಬಿಯಾದರೆ ಆಂಟಿಎಕ್ಸ್. 32 ಬಿಟ್ಟಿನ ಹಳೇ ಆಟಂ ಯಂತ್ರಕ್ಕೆ ಡೆಬಿಯನ್ 12 ಹಾಕಬಹುದು. 2025ರಲ್ಲಿ ಬಂದ 13ನ್ನು ಅದಕ್ಕೆ ಹೊಸದಾಗಿ ಹಾಕಲು ಬರುವುದಿಲ್ಲ.

ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ವೈಫೈ, ಪ್ರಿಂಟರ್ ನೋಡಿಕೊಳ್ಳಿ. ನುಡಿಯ ಹಳೇ ಅಕ್ಷರದಲ್ಲಿ ಬರೆದಿಟ್ಟ ಲೆಕ್ಕಗಳಿದ್ದರೆ ವಿಂಡೋಸ್ ಇರುವಾಗಲೇ ಯುನಿಕೋಡಿಗೆ ಬದಲಾಯಿಸಿ, ಬೇರೆಡೆ ನಕಲು ಇಟ್ಟುಕೊಳ್ಳಿ. ಡಿಸ್ಕ್ ಅಳಿಸಿದ ಮೇಲೆ ಅವು ಸಿಕ್ಕೋದಿಲ್ಲ.