ನಿಮಗಿದು ಗೊತ್ತೇ? ಎರೆಬಯಲು ಮತ್ತು ಡ್ರೋನಿನ ಕಣ್ಣು

ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಶುರುವಾದಾಗ ಮೊದಲ ಪ್ರಾಯೋಗಿಕ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅದರಡಿ ಗ್ರಾಮಠಾಣದ ಮನೆ, ಹಿತ್ತಲು, ಖುಲ್ಲಾ ಜಾಗಗಳ ಮೇರೆಗುಂಟ ಸುಣ್ಣದ ಗೆರೆ ಹಾಕುತ್ತಾರೆ. ಮೇಲೆ ಡ್ರೋನ್ ಹಾರಿ ಫೋಟೊ ತೆಗೆಯುತ್ತದೆ. ಅವನ್ನು ಜೋಡಿಸಿ 1:500 ಪ್ರಮಾಣದ ನಕ್ಷೆ ಮಾಡುತ್ತಾರೆ. ಇದೇ ಫೋಟೋಗ್ರಾಮೆಟ್ರಿ. ನೆಲದ ಮೇಲೆ ನೆಟ್ಟಗಿರುವ ಆ ಸುಣ್ಣದ ಗೆರೆ, ಫೋಟೊದ ಅಂಚಿಗೆ ಬಿದ್ದರೆ ತುಸು ಬಾಗಿ ಕಾಣುತ್ತದೆ ಎಂಬುದು ಗೊತ್ತೇ?

ಬಾಗಿಸುವುದು ಲೆನ್ಸು. ಫೋಟೊದ ನಡುಮಧ್ಯದಲ್ಲಿ ಈ ದೋಷ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂಚಿಗೆ ಹೋದಂತೆ ಭರದಿಂದ ಏರುತ್ತದೆ. ಸರಳ ಸೂತ್ರದ ಪ್ರಕಾರ ಮಧ್ಯಬಿಂದುವಿನಿಂದ ದೂರ ಇಮ್ಮಡಿಯಾದರೆ ಬಿಂದು ಜರುಗುವ ಅಂತರ ಎಂಟು ಪಟ್ಟಾಗುತ್ತದೆ. ಎಷ್ಟು ಜರುಗಿದೆ ಎಂದು ಮೊದಲೇ ಅಳೆದಿಟ್ಟುಕೊಂಡರೆ ಪ್ರತಿ ಬಿಂದುವನ್ನೂ ಅದರ ಜಾಗಕ್ಕೆ ಮರಳಿಸಬಹುದು. ಆ ಅಳತೆಗೇ ಕ್ಯಾಮೆರಾ ಕ್ಯಾಲಿಬ್ರೇಶನ್ ಎನ್ನುವುದು.

ಹಿಂದಿನ ಮೋಜಣಿದಾರರಿಗೆ ಈ ಚಿಂತೆ ಹೊಸದಲ್ಲ. 33 ಅಡಿ ಸರಪಳಿಯ ಒಂದು ಚೌಕ ಅಂದರೆ 1 ಗುಂಟೆ, 1089 ಚದರಡಿ; ಅಂಥ 40 ಸೇರಿದರೆ 1 ಎಕರೆ. ಎಳೆದೆಳೆದು ಸರಪಳಿಯ ಕೊಂಡಿ ಸವೆದರೆ ಸರಪಳಿ ಉದ್ದವಾಗುತ್ತದೆ, ಆಗ ಹೊಲ ಕಾಗದದ ಮೇಲೆ ಚಿಕ್ಕದಾಗುತ್ತದೆ. ಹಾಗಾಗಿ ಸರಪಳಿಯನ್ನೇ ಮೊದಲು ಅಳೆಯಬೇಕಿತ್ತು. ಇಂದು ಆ ಸರಪಳಿಯ ಜಾಗದಲ್ಲಿ ಲೆನ್ಸು ಕೂತಿದೆ.

1858ರಲ್ಲಿ ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಬಂಡೆದ್ದರು. ಅದೇ ವರ್ಷ ಜರ್ಮನಿಯ ವೆಟ್ಸ್ಲಾರ್ ಊರಿನ ಚರ್ಚಿನ ಅಳತೆ ತೆಗೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಮೇಲಿಂದ ಬೀಳುವುದರಿಂದ ಕೂದಲೆಳೆಯಲ್ಲಿ ಪಾರಾದ. ಗೋಡೆ ಹತ್ತುವ ಬದಲು ಫೋಟೊದಿಂದಲೇ ಅಳೆದರೆ ಹೇಗೆ ಎಂದು ಅವನಿಗೆ ಹೊಳೆದದ್ದು ಆಗ. ‘ಫೋಟೋಗ್ರಾಮೆಟ್ರಿ’ ಎಂಬ ಹೆಸರು 1867ರಲ್ಲಿ ಅಚ್ಚಾಯಿತು.

ಲೆನ್ಸಿನ ಡೊಂಕನ್ನು ತೂಗುಗುಂಡಿನಿಂದ ಅಳೆಯಬಹುದು! ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುತ್ತಾರಲ್ಲ, ಅದೇ. ಅಮೆರಿಕದ ಡುವೇನ್ ಬ್ರೌನ್ 1971ರಲ್ಲಿ ವಿವರಿಸಿದ ವಿಧಾನವಿದು. ಸಾಲಾಗಿ ದಾರಗಳನ್ನು ಇಳಿಬಿಟ್ಟು ಫೋಟೊ ತೆಗೆಯಿರಿ. ದಾರ ನೆಟ್ಟಗಿದೆ ಎಂಬುದಂತೂ ಖಚಿತ. ಹಾಗಾಗಿ ಚಿತ್ರದಲ್ಲಿ ಕಂಡ ಬಾಗೆಲ್ಲ ಲೆನ್ಸಿನದು. ಅವನ ಸೂತ್ರವೇ ಇಂದಿನ ಬಹುತೇಕ ಡ್ರೋನ್ ಸಾಫ್ಟ್‌ವೇರುಗಳ ಹೊಟ್ಟೆಯಲ್ಲಿದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಚೆಂದ ಕಂಡದ್ದು ಈ ದಾರಗಳೇ.

ಡೊಂಕಿನ ಜೊತೆಗೆ ಲೆನ್ಸಿನ ಫೋಕಲ್ ಲೆಂಗ್ತನ್ನೂ ಅಳೆಯಬೇಕು. ಅದು 8.8 ಮಿಲಿಮೀಟರ್ ಎಂದುಕೊಳ್ಳಿ. ಕ್ಯಾಲಿಬ್ರೇಶನ್ನಿನಲ್ಲಿ ಅದು ಶೇ 1ರಷ್ಟು ತಪ್ಪಿತು, ಅಂದರೆ 0.088 ಮಿಲಿಮೀಟರ್. 100 ಮೀಟರ್ ಎತ್ತರದಿಂದ ತೆಗೆದ ಫೋಟೊಗಳಲ್ಲಿ, ನೆಲದ ಮೇಲೆ ಮೊದಲೇ ಅಳೆದಿಟ್ಟ ಆಧಾರಬಿಂದುಗಳು (ಕಂಟ್ರೋಲ್ ಪಾಯಿಂಟುಗಳು) ಇಲ್ಲದಿದ್ದರೆ, ನೆಲದ ಮಟ್ಟ ಸುಮಾರು 1 ಮೀಟರ್ ತಪ್ಪುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ರೋಣ–ನರಗುಂದದ ಎರೆಬಯಲಿನಷ್ಟು ಸಪಾಟಾದ ನೆಲವೇ ಕ್ಯಾಮೆರಾಕ್ಕೆ ಕಠಿಣ ಪರೀಕ್ಷೆ ಎಂಬುದು ಗೊತ್ತೇ? ಸಾಫ್ಟ್‌ವೇರು ನೆಲದ ಆಕಾರ, ಲೆನ್ಸಿನ ಡೊಂಕು ಎರಡನ್ನೂ ಅದೇ ಫೋಟೊಗಳಿಂದ ಒಟ್ಟಿಗೆ ಕಂಡುಹಿಡಿಯಬೇಕು. ಎಲ್ಲ ಫೋಟೊ ಒಂದೇ ಎತ್ತರದಿಂದ ನೇರ ಕೆಳಮುಖವಾಗಿದ್ದು, ಕೆಳಗೆ ಏರುತಗ್ಗು ಇಲ್ಲದಿದ್ದರೆ, ಬಾಗಿರುವುದು ಲೆನ್ಸೋ ನೆಲವೋ ಎಂದು ಅದಕ್ಕೆ ಬಿಡಿಸಿ ಹೇಳಲಾಗದು. ಫಲವಾಗಿ ಮಟ್ಟಸವಾದ ಹೊಲ ನಡುವೆ ಉಬ್ಬಿದ ಗುಮ್ಮಟವಾಗಿಯೋ ಅಥವಾ ತಗ್ಗಿದ ಬೋಗುಣಿಯಾಗಿಯೋ ಮೂಡುತ್ತದೆ. ಮಲಪ್ರಭಾ ಕಾಲುವೆಯಿಂದ ಹೊಲಗಾಲುವೆಗೆ ನೀರು ಹರಿಯುವ ಕಡೆ ಇದು ಸಣ್ಣ ಮಾತಲ್ಲ. ಇಳಿಜಾರು ಕಡಿಮೆ ಇರುವ ಬಯಲಲ್ಲಿ ಒಂದು ಗೇಣು ಸುಳ್ಳು ಉಬ್ಬು ಬಂದರೂ ನಕ್ಷೆಯಲ್ಲಿ ನೀರು ತಿರುಗಿ ಹರಿಯುತ್ತದೆ.

ಪರಿಹಾರ ಅಗ್ಗದ್ದು. ಕ್ಯಾಮೆರಾವನ್ನು ಓರೆಮಾಡಿ ಒಂದಿಷ್ಟು ಫೋಟೊ ಸೇರಿಸಿದರೆ ಗುಮ್ಮಟ ಬಹುಮಟ್ಟಿಗೆ ಕರಗುತ್ತದೆ ಎಂದು ಸಂಶೋಧಕರಾದ ಮೈಕ್ ಜೇಮ್ಸ್ ಮತ್ತು ಸ್ಟುವರ್ಟ್ ರಾಬ್ಸನ್ 2014ರಲ್ಲಿ ತೋರಿಸಿದರು. ನರಗುಂದದ ಗುಡ್ಡ, ಗಜೇಂದ್ರಗಡದ ಕೋಟೆಬೆಟ್ಟದಂಥ ಏರು ಚೌಕಟ್ಟಿನೊಳಗೆ ಬಂದರೂ ಲೆಕ್ಕ ಗಟ್ಟಿಯಾಗುತ್ತದೆ.

ಗಜೇಂದ್ರಗಡದ ಗಾಳಿಯಂತ್ರಗಳ ರೆಕ್ಕೆ ಮಾತ್ರ ಕೈಕೊಡುತ್ತದೆ. ಸಾಫ್ಟ್‌ವೇರು ಒಂದೇ ವಸ್ತುವನ್ನು ಹಲವು ಫೋಟೊಗಳಲ್ಲಿ ಗುರುತಿಸಿ ಜೋಡಿಸಬೇಕು; ತಿರುಗುತ್ತ ಒಂದೊಂದು ಫೋಟೊದಲ್ಲಿ ಒಂದೊಂದು ಕಡೆ ಇರುವ ವಸ್ತುವಿಗೆ ಜೋಡಿ ಸಿಗದು.

ಆಧಾರಬಿಂದುವಿನ ಗೂಟವನ್ನು ಎರೆಹೊಲದ ನಡುವೆ ನೆಟ್ಟರೆ ಅದು ಕಾಯಂ ಗುರುತಲ್ಲ. ಎರೆಮಣ್ಣು ಮಳೆಗೆ ಹಿಗ್ಗಿ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಜೊತೆಗೆ ಗೂಟವೂ ಸರಿಯುತ್ತದೆ. ವರ್ಷವರ್ಷದ ನಕ್ಷೆ ಹೋಲಿಸುವವರು ಬಂಡೆಯನ್ನೋ ಗಟ್ಟಿ ಬುನಾದಿಯನ್ನೋ ಹುಡುಕಬೇಕು.

ಹಾರುತ್ತಲೇ ಫೋಟೊ ತೆಗೆದರೆ? ಕೆಲವು ಕ್ಯಾಮೆರಾಗಳು ಚಿತ್ರವನ್ನು ಸಾಲುಸಾಲಾಗಿ ಓದುತ್ತವೆ. ಸೆಕೆಂಡಿಗೆ 10 ಮೀಟರ್ ಓಡುವ ಡ್ರೋನು, ಓದಲು ಸೆಕೆಂಡಿನ 30ರಲ್ಲಿ 1 ಪಾಲು ಹಿಡಿದರೆ, ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಇದು ಲೆನ್ಸಿನ ತಪ್ಪಲ್ಲ, ಲೆನ್ಸಿನ ಸೂತ್ರದಿಂದ ಸರಿಹೋಗುವುದೂ ಇಲ್ಲ. ಯಾಂತ್ರಿಕ ಶಟರ್ ಇರುವ ಕ್ಯಾಮೆರಾ ಕೇಳುವುದು ಇದಕ್ಕೇ.

ಸೂಡಿಯ ಜೋಡುಕಳಸದ ಗುಡಿ, ನಾಗಕುಂಡದಂಥ ಕಡೆ ಮೊಬೈಲಿನಿಂದ ಮೂರು ಆಯಾಮದ ಮಾದರಿ ಮಾಡುವ ಹುಡುಗರಿಗೆ ಎರಡು ಮಾತು. ಆಟೊಫೋಕಸ್ ಬೀಗ ಹಾಕಿ, ಝೂಮ್ ಮುಟ್ಟಬೇಡಿ. ಫೋಕಸ್ ಸರಿದರೆ ಕ್ಯಾಲಿಬ್ರೇಶನ್ ಕೂಡ ಸರಿಯುತ್ತದೆ. ಸುತ್ತ ನಡೆಯುತ್ತ ತೆಗೆದ ಮೇಲೆ, ಫೋನನ್ನು ಅಡ್ಡ, ಉದ್ದ ತಿರುಗಿಸಿ ಅದೇ ಕಲ್ಲಿನ ಇನ್ನಷ್ಟು ಫೋಟೊ ತೆಗೆಯಿರಿ. ಲೆನ್ಸಿನ ನಿಜವಾದ ಮಧ್ಯಬಿಂದು ಎಲ್ಲಿದೆ ಎಂದು ಸಾಫ್ಟ್‌ವೇರಿಗೆ ಗೊತ್ತಾಗುವುದು ಹಾಗೆ.

1866ರಲ್ಲಿ ಅಚ್ಚಾದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್’ ಪುಸ್ತಕದಲ್ಲಿ ಪಿಗೂ, ನೀಲ್, ಬಿಗ್ಸ್ ತೆಗೆದ ಗುಡಿಗಳ ಫೋಟೊಗಳಿವೆ. ಲೆನ್ಸು ಕೈಗೆ ಸಿಗದಿದ್ದರೂ, ಅಂಥ ಹಳೆಯ ಚಿತ್ರದಲ್ಲಿ ನೇರವೆಂದು ನಮಗೆ ಗೊತ್ತಿರುವ ಕಲ್ಲಿನ ಅಂಚುಗಳಿಂದ ಆ ಲೆನ್ಸಿನ ಡೊಂಕನ್ನು ಅಂದಾಜು ಮಾಡಬಹುದು.

ಕಡೆಯದಾಗಿ, ನಕ್ಷೆ ಕೈಗೆ ಬಂದಾಗ ಕೇಳಬೇಕಾದ ಅಂಕಿ ಯಾವುದು ಗೊತ್ತೇ? ವರದಿಯಲ್ಲಿ ಕಂಟ್ರೋಲ್ ಪಾಯಿಂಟುಗಳ ದೋಷ ಸಣ್ಣದಾಗಿಯೇ ಇರುತ್ತದೆ, ಏಕೆಂದರೆ ಲೆಕ್ಕವನ್ನು ಅವಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಲೆಕ್ಕಕ್ಕೆ ಸೇರಿಸದೆ ಬೇರೆ ಇಟ್ಟ ಚೆಕ್ ಪಾಯಿಂಟುಗಳ ದೋಷ ಕೇಳಿ. ಉದ್ದಗಲದ್ದು ಬೇರೆ, ಎತ್ತರದ್ದು ಬೇರೆ ಕೇಳಿ. ಆ ಬಿಂದುಗಳು ಊರಿನ ಅಂಚಿನಲ್ಲೂ ನಟ್ಟನಡುವೆಯೂ ಇದ್ದವೇ ಎಂದೂ ವಿಚಾರಿಸಿ.